ಸಾಕುಪ್ರಾಣಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ: ಮನೆಯಲ್ಲಿ ಮಾಡತಕ್ಕ ಆರೈಕೆ

ಊರಿನ ಮನೆಗಳಲ್ಲಿ ನಾಯಿಯು ಅಂಗಳದಲ್ಲಿಯೂ ಬೆಕ್ಕು ಅಟ್ಟದ ಮೇಲೂ ತಮ್ಮ ಪಾಡಿಗೆ ತಾವು ಬದುಕುವುದು ವಾಡಿಕೆ. ಅವು ಯಾವಾಗ ಬೆದೆಗೆ ಬಂದವು, ಎಷ್ಟು ಮರಿ ಹಾಕಿದವು, ಅವುಗಳಲ್ಲಿ ಎಷ್ಟು ಉಳಿದವು ಎಂಬ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ. ಮುಂಬಯಿಯ ಬಾಳು ಹಾಗಲ್ಲ. ವಿಕ್ರೋಳಿಯ ಕನ್ನಮವಾರ್ ನಗರ, ಟಾಗೋರ್ ನಗರಗಳಂತಹ ವಸಾಹತುಗಳಲ್ಲಿ, ಒಂದು ಕೋಣೆ ಮತ್ತು ಒಂದು ಅಡುಗೆಮನೆಯ ಬಿಡಾರದಲ್ಲಿ, ಮನುಷ್ಯರಿಗೇ ಸ್ಥಳ ಸಾಲದಿರುವಾಗ ಪ್ರಾಣಿಯೂ ಅವರೊಡನೆ ಬಾಳಬೇಕಾಗಿದೆ. ಹೆಣ್ಣು ಬೆಕ್ಕು ಐದಾರು ತಿಂಗಳ ಎಳೆ ವಯಸ್ಸಿನಲ್ಲಿಯೇ ಗರ್ಭ ಧರಿಸಬಲ್ಲುದು. ಅದರ ಗರ್ಭಾವಧಿ ಸುಮಾರು ಒಂಬತ್ತು ವಾರಗಳು ಮಾತ್ರ. ಒಂದೇ ವರ್ಷದಲ್ಲಿ ಎರಡು ಮೂರು ಬಾರಿ ಮರಿ ಹಾಕುವುದೂ ಉಂಟು. ಆ ಮರಿಗಳನ್ನು ಕೊಳ್ಳುವವರಿಲ್ಲ, ಕೇಳುವವರಿಲ್ಲ. ಕೊನೆಗೆ ಅವು ಮೀನು ಮಾರುಕಟ್ಟೆಯ ಬದಿಯಲ್ಲಿಯೋ ಹೆದ್ದಾರಿಯ ಅಂಚಿನಲ್ಲಿಯೋ ಅನಾಥವಾಗುತ್ತವೆ.

ಈ ಕಾರಣದಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸುವ ಮನೆಗಳು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಶಸ್ತ್ರಚಿಕಿತ್ಸೆ ಮುಗಿಸಿ ಪ್ರಾಣಿಯನ್ನು ಮನೆಗೆ ತಂದ ಮೇಲೆ ಏನು ಮಾಡಬೇಕೆಂಬುದು ಅನೇಕರಿಗೆ ತಿಳಿಯದು. ವೈದ್ಯರ ಕೆಲಸ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಗಾಯ ಮಾಯುವುದು ಮಾತ್ರ ನಮ್ಮ ಮನೆಯಲ್ಲಿ, ನಮ್ಮ ಕೈಯಲ್ಲಿ, ಹತ್ತರಿಂದ ಹದಿನಾಲ್ಕು ದಿನಗಳ ಅವಧಿಯಲ್ಲಿ. ಪಶುವೈದ್ಯರು ಸಾಮಾನ್ಯವಾಗಿ ನೀಡುವ ಸೂಚನೆಗಳನ್ನು ನಮ್ಮ ನಗರ ಜೀವನಕ್ಕೆ ಹೊಂದುವಂತೆ ಕ್ರಮವಾಗಿ ಹೇಳುವುದೇ ಈ ಲೇಖನದ ಉದ್ದೇಶ. ತಮ್ಮ ಪ್ರಾಣಿಯನ್ನು ಪರೀಕ್ಷಿಸಿದ ವೈದ್ಯರು ಬೇರೆ ರೀತಿ ಹೇಳಿದ್ದರೆ ಅವರ ಮಾತೇ ಪ್ರಮಾಣ.

ಶಸ್ತ್ರಚಿಕಿತ್ಸೆಯ ಸ್ವರೂಪ

ಹೋರಿಯ ಬೀಜ ಒಡೆಸಿ ಉಳುವ ಎತ್ತನ್ನಾಗಿ ಮಾಡುವುದನ್ನು ನಮ್ಮ ಹಿರಿಯರೆಲ್ಲರೂ ಬಲ್ಲರು. ಗಂಡು ನಾಯಿ, ಗಂಡು ಬೆಕ್ಕುಗಳಲ್ಲಿ ಅರಿವಳಿಕೆ ಕೊಟ್ಟು ನೋವಾಗದಂತೆ ವೃಷಣಗಳನ್ನು ತೆಗೆಯುತ್ತಾರೆ. ಇದು ಚಿಕ್ಕ ಶಸ್ತ್ರಚಿಕಿತ್ಸೆ. ಹೆಣ್ಣಿನ ವಿಷಯ ಹಾಗಲ್ಲ. ಮನುಷ್ಯರ ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯಲ್ಲಿ ನಾಳಗಳನ್ನು ಕಟ್ಟಿಬಿಡುವಂತೆ ಇಲ್ಲಿಯೂ ಮಾಡುತ್ತಾರೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಹೊಟ್ಟೆಯನ್ನು ತೆರೆದು ಅಂಡಾಶಯಗಳನ್ನೂ, ಸಾಮಾನ್ಯವಾಗಿ ಅವುಗಳೊಡನೆ ಗರ್ಭಕೋಶವನ್ನೂ ತೆಗೆಯುತ್ತಾರೆ. ಹೊಟ್ಟೆಯ ಸ್ನಾಯುಪದರ, ಚರ್ಮದ ಕೆಳಗಿನ ಪದರ, ಚರ್ಮ ಹೀಗೆ ಒಂದರ ಮೇಲೊಂದರಂತೆ ಹೊಲಿಗೆ ಹಾಕುತ್ತಾರೆ. ಹೊರಗೆ ಕಾಣುವ ಗಾಯ ಎರಡು ಬೆರಳಿನಷ್ಟಿದ್ದರೂ ಒಳಗಿನದು ದೊಡ್ಡ ಶಸ್ತ್ರಚಿಕಿತ್ಸೆಯೇ ಎಂಬುದನ್ನು ಮರೆಯಬಾರದು. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳಿಗೂ ಇದೇ ಮೂಲ.

ಇದು ಪಾಪವೆಂದೂ, ಒಂದು ಸಲವಾದರೂ ಮರಿ ಹಾಕಿದ ಮೇಲೆ ಮಾಡಿಸಬೇಕೆಂದೂ ಹೇಳುವವರಿದ್ದಾರೆ. ಒಮ್ಮೆ ಮರಿ ಹಾಕುವುದರಿಂದ ಪ್ರಾಣಿಯ ಆರೋಗ್ಯಕ್ಕೆ ವಿಶೇಷ ಲಾಭವೇನೂ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿಸದ ಹೆಣ್ಣು ನಾಯಿಗಳಲ್ಲಿ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಪಾಯದ ರೋಗ ಕಾಣಿಸಿಕೊಳ್ಳುವುದು ಸಾಮಾನ್ಯ. ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದ ಮೇಲೆ ಆ ಭಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಎಳೆ ವಯಸ್ಸಿನಲ್ಲಿ ಮಾಡಿಸಿದರೆ ಕೆಚ್ಚಲಿನ ಗಡ್ಡೆಗಳ ಸಂಭವವೂ ಕಡಿಮೆಯಾಗುತ್ತದೆ. ಗಂಡಿನಲ್ಲಿ ವೃಷಣದ ಗಡ್ಡೆಯ ಪ್ರಶ್ನೆಯೇ ಏಳುವುದಿಲ್ಲ.

ನಮ್ಮ ನಗರದ ಅನುಕೂಲಗಳು

ಪ್ರಾಣಿ ಚಿಕಿತ್ಸೆಯ ವಿಷಯದಲ್ಲಿ ಮುಂಬಯಿಗೆ ದೀರ್ಘ ಪರಂಪರೆಯಿದೆ. 1874ರಲ್ಲಿ ಇಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘವು ಸ್ಥಾಪಿತವಾಯಿತು. ಮುಂದಿನ ದಶಕದಲ್ಲಿ ಪಾರ್ಸಿ ಉದ್ಯಮಿ ಸರ್ ದಿನ್‌ಶಾ ಮಾಣೆಕ್‌ಜಿ ಪೆಟಿಟ್ ಅವರ ಔದಾರ್ಯದಿಂದ ಪರೇಲಿನಲ್ಲಿ ಬಾಯಿ ಸಾಕರ್‌ಬಾಯಿ ಪ್ರಾಣಿಗಳ ಆಸ್ಪತ್ರೆಯೂ, 1886ರಲ್ಲಿ ಅಲ್ಲಿಯೇ ಪಶುವೈದ್ಯಕೀಯ ಕಾಲೇಜೂ ಆರಂಭವಾದುವು. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಸಾಕುಪ್ರಾಣಿಗಳ ಆಸ್ಪತ್ರೆ ತೆರೆದಿದೆ. ಉಪನಗರಗಳಲ್ಲಿ ಖಾಸಗಿ ಪಶುವೈದ್ಯರೂ ಇದ್ದಾರೆ.

ವಿಕ್ರೋಳಿಯಿಂದ ಪರೇಲಿಗೆ ಹೋಗುವವರು ಆಟೋರಿಕ್ಷಾ ಸಾಯನ್ ದಾಟಿ ಮುಂದೆ ಹೋಗಲಾರದೆಂಬುದನ್ನು ನೆನಪಿನಲ್ಲಿಟ್ಟು ಟ್ಯಾಕ್ಸಿಯ ಏರ್ಪಾಡು ಮಾಡಿಕೊಳ್ಳತಕ್ಕದ್ದು. ಆಗತಾನೆ ಶಸ್ತ್ರಚಿಕಿತ್ಸೆಯಾದ ಪ್ರಾಣಿಯನ್ನು ಹೊತ್ತು ಮಾರ್ಗಮಧ್ಯದಲ್ಲಿ ವಾಹನ ಬದಲಿಸುವುದು ಹಿತವಲ್ಲ. ಬೆಕ್ಕನ್ನು ಕೈಯಲ್ಲಿ ಹಿಡಿದು ತರಲೇಬಾರದು. ಗಾಳಿಯಾಡುವ, ಭದ್ರವಾದ ಮುಚ್ಚಳವುಳ್ಳ ಬುಟ್ಟಿಯಲ್ಲಿಯೇ ತರಬೇಕು.

ದಿನವನ್ನು ಆರಿಸುವುದು

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟರ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಮರಳುವ ಮನೆಗಳಲ್ಲಿ ಮೊದಲು ಯೋಚಿಸಬೇಕಾದುದು ದಿನದ ವಿಷಯ. ಶಸ್ತ್ರಚಿಕಿತ್ಸೆಯ ದಿನವೂ ಅದರ ಮರುದಿನವೂ ಒಬ್ಬರು ಹಗಲಿರುಳು ಮನೆಯಲ್ಲಿರಲೇಬೇಕು. ಮುಂದಿನ ಎಂಟು ಹತ್ತು ದಿನಗಳಲ್ಲಿಯೂ ಪ್ರಾಣಿಯನ್ನು ದೀರ್ಘಕಾಲ ಒಂಟಿಯಾಗಿ ಬಿಡದಂತೆ ಸರದಿ ಗೊತ್ತುಮಾಡಿಕೊಳ್ಳಬೇಕು. ಮೇ ತಿಂಗಳಿನಲ್ಲಿ ಊರಿಗೆ ಹೊರಡುವ ಮುನ್ನಾವಾರ ಶಸ್ತ್ರಚಿಕಿತ್ಸೆ ಮಾಡಿಸಿ, ಪ್ರಾಣಿಯನ್ನು ನೆರೆಯವರಿಗೆ ಒಪ್ಪಿಸುವುದು ಸರಿಯಲ್ಲ. ಗಣೇಶೋತ್ಸವದ ಢೋಲು, ದೀಪಾವಳಿಯ ಪಟಾಕಿಗಳ ಸದ್ದಿಗೆ ಬೆದರಿದ ಪ್ರಾಣಿ ಹಾರಿ ಓಡಿ ಹೊಲಿಗೆ ಬಿಚ್ಚಿಕೊಳ್ಳಬಹುದು. ಆದುದರಿಂದ ಆ ದಿನಗಳನ್ನೂ ಬಿಡುವುದು ಲೇಸು.

ಮೊದಲ ರಾತ್ರಿ

ಅರಿವಳಿಕೆಯ ಪ್ರಭಾವ ಸಂಪೂರ್ಣ ಇಳಿಯಲು ಒಂದು ದಿನ ಬೇಕಾದೀತು. ಅಲ್ಲಿಯವರೆಗೆ ಪ್ರಾಣಿ ತೂರಾಡುತ್ತದೆ, ಕೆಲವೊಮ್ಮೆ ನರಳುತ್ತದೆ, ಕರೆದರೆ ಗುರುತಿಸದಂತೆ ವರ್ತಿಸುತ್ತದೆ. ಶ್ವಾಸನಾಳದಲ್ಲಿ ಕೊಳವೆ ಹಾಕಿದ್ದರಿಂದ ಒಂದೆರಡು ದಿನ ಕೆಮ್ಮುವುದೂ ಉಂಟು. ಇದರಿಂದ ಗಾಬರಿಯಾಗಬೇಕಿಲ್ಲ.

ನೆಲದ ಮೇಲೆಯೇ, ಮೂಲೆಯಲ್ಲಿ, ಮಂದ ಬೆಳಕಿನಲ್ಲಿ ಹಾಸಿಗೆ ಮಾಡಿರಿ. ಒಗೆದು ಒಣಗಿಸಿದ ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಸಾಕು. ಮಂಚ, ಕುರ್ಚಿಗಳ ಮೇಲೆ ಮಲಗಿಸಬಾರದು. ತೂರಾಡುವ ಪ್ರಾಣಿ ಕೆಳಗೆ ಬೀಳುತ್ತದೆ. ಮೇಲಿನ ಮಹಡಿಗಳಲ್ಲಿ ವಾಸಿಸುವವರು ಕಿಟಕಿ ಮತ್ತು ಗ್ಯಾಲರಿಯ ಬಾಗಿಲುಗಳನ್ನು ಭದ್ರಪಡಿಸತಕ್ಕದ್ದು. ಅಭ್ಯಾಸಬಲದಿಂದ ಕಿಟಕಿಯ ಸರಳಿನ ಮೇಲೆ ಹತ್ತಲು ಹೋಗುವ ಬೆಕ್ಕಿಗೆ ಆ ರಾತ್ರಿ ಸಮತೋಲ ಇರುವುದಿಲ್ಲ. ಅರಿವಳಿಕೆಯಿಂದ ದೇಹದ ಶಾಖವೂ ಇಳಿಯುವುದರಿಂದ ಫ್ಯಾನಿನ ನೇರ ಗಾಳಿ, ಹವಾನಿಯಂತ್ರಣಗಳ ಕೆಳಗೆ ಇಡಬೇಡಿರಿ. ಮಕ್ಕಳು ಪ್ರೀತಿಯಿಂದ ಎತ್ತಿಕೊಳ್ಳಲು ಬರುತ್ತಾರೆ. ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಿದರೆ ಗಾಯಕ್ಕೆ ನೋವಾಗುವುದಲ್ಲದೆ, ನೋವಿನಲ್ಲಿ ಅದು ಕಚ್ಚಲೂಬಹುದು. ಎತ್ತಲೇಬೇಕಾದಾಗ ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಗಾಲುಗಳ ಹಿಂದೆಯೂ ಕೊಟ್ಟು ಎತ್ತಬೇಕು.

ಆಹಾರ

ಮನೆಯ ಹೆಂಗಸರಿಗೆ ಬಾಣಂತನದ ಅನುಭವವಿರುತ್ತದೆ. ವಿಶ್ರಾಂತಿ, ಬೆಚ್ಚಗಿನ ಮೂಲೆ, ಗದ್ದಲವಿಲ್ಲದ ವಾತಾವರಣ ಇವು ಬಾಣಂತಿಗೆ ಹೇಗೋ ಈ ಪ್ರಾಣಿಗೂ ಹಾಗೆಯೇ ಅವಶ್ಯ. ಆದರೆ ಬಾಣಂತನದ ಉಳಿದ ಮೂರು ಉಪಚಾರಗಳಾದ ತುಪ್ಪ, ಲೇಹ್ಯ ಹಾಗೂ ಎಣ್ಣೆಸ್ನಾನ ಇಲ್ಲಿ ಸರ್ವಥಾ ಕೂಡದು.

ಪ್ರಾಣಿಗೆ ಪೂರ್ಣ ಎಚ್ಚರ ಬಂದು, ತಲೆಯೆತ್ತಿ ನಿಲ್ಲಲು ಶಕ್ತವಾದ ಮೇಲೆ ಮೊದಲು ಸ್ವಲ್ಪ ನೀರು ಕೊಡಬೇಕು. ಅದು ವಾಂತಿಯಾಗದಿದ್ದರೆ ಎಂದಿನ ಆಹಾರದ ಕಾಲು ಭಾಗವನ್ನು ಕೊಡಬಹುದು. ಅರೆ ಎಚ್ಚರದಲ್ಲಿರುವಾಗ ಬಾಯಿಗೆ ಹಾಲನ್ನೋ ನೀರನ್ನೋ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಎರವಾದೀತು. ನಾಯಿಗೆ ಮೆತ್ತಗಿನ ಅನ್ನ, ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿಮಾಂಸ ಒಳ್ಳೆಯದು. ಸಸ್ಯಾಹಾರಿಗಳ ಮನೆಯಲ್ಲಿ ಸ್ವಲ್ಪ ಮೊಸರನ್ನ ಕೊಡಬಹುದು. ಬೆಕ್ಕಿಗೆ ಮುಳ್ಳು ತೆಗೆದ ಬೇಯಿಸಿದ ಮೀನು ಅಥವಾ ಅದರ ಎಂದಿನ ಆಹಾರವೇ ಸಾಕು. ನಮ್ಮ ಅಡುಗೆಯ ಸಾರು, ಪಲ್ಯ, ಗಸಿಗಳನ್ನು ಕಲಸಿ ಹಾಕಬೇಡಿರಿ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ರಕ್ತಕಣಗಳನ್ನು ನಾಶಪಡಿಸುತ್ತವೆ. ಇದು ಶಸ್ತ್ರಚಿಕಿತ್ಸೆಯಾಗದ ಪ್ರಾಣಿಗೂ ಅನ್ವಯಿಸುವ ಮಾತು.

ಮೊದಲ ದಿನ ಒಮ್ಮೆ ವಾಂತಿಯಾದರೆ ಚಿಂತೆಯಿಲ್ಲ. ಮರುದಿನದ ಹೊತ್ತಿಗೆ ಹಸಿವು ಮರಳಬೇಕು. ಮೂತ್ರವಿಸರ್ಜನೆಯೂ 24 ಗಂಟೆಗಳೊಳಗೆ ಆಗಬೇಕು. ಮಲವಿಸರ್ಜನೆ ಮಾತ್ರ ಎರಡು ಮೂರು ದಿನ ತಡವಾಗಬಹುದು; ಉಪವಾಸವಿದ್ದ ಹೊಟ್ಟೆಗೆ ಅದು ಸಹಜ. ಬೆಕ್ಕಿನ ಮಣ್ಣಿನ ತಟ್ಟೆಯಲ್ಲಿ ಈ ದಿನಗಳಲ್ಲಿ ಮಣ್ಣು ಮರಳಿನ ಬದಲು ಚೂರು ಮಾಡಿದ ವೃತ್ತಪತ್ರಿಕೆಯನ್ನು ಹಾಕಿದರೆ ಧೂಳು ಗಾಯಕ್ಕೆ ಅಂಟದು.

ಗಾಯದ ರಕ್ಷಣೆ

ದಿನಕ್ಕೆ ಎರಡು ಬಾರಿ, ಬೆಳಕಿರುವೆಡೆ, ಗಾಯವನ್ನು ಕಣ್ಣಿನಿಂದ ನೋಡಬೇಕು, ಕೈಯಿಂದ ಮುಟ್ಟಬಾರದು. ಅಂಚುಗಳು ಒಂದಕ್ಕೊಂದು ಕೂಡಿಕೊಂಡು, ಸ್ವಲ್ಪ ಕೆಂಪಾಗಿ, ತುಸು ಊದಿಕೊಂಡಿದ್ದರೆ ಅದು ಮಾಯುವ ಲಕ್ಷಣ. ಮೊದಲ ದಿನ ಒಂದೆರಡು ಹನಿ ತಿಳಿಗೆಂಪು ದ್ರವ ಬರಬಹುದು.

ಗಾಯವೆಂದೊಡನೆ ಅರಿಸಿನ ಹಚ್ಚುವುದು ನಮ್ಮ ರಕ್ತಗತ ಅಭ್ಯಾಸ. ಇಲ್ಲಿ ಅರಿಸಿನ, ಕೊಬ್ಬರಿ ಎಣ್ಣೆ, ಕಾಫಿಪುಡಿ, ಡೆಟಾಲ್, ಸ್ಪಿರಿಟ್, ಮನೆಯಲ್ಲಿರುವ ಮುಲಾಮು ಇವು ಯಾವುವನ್ನೂ ವೈದ್ಯರು ಹೇಳದೆ ಹಚ್ಚಬೇಡಿರಿ. ಪುಡಿಯು ಹೊಲಿಗೆಯ ನಡುವೆ ಸೇರಿ ಕೊಳೆಯಾಗುತ್ತದೆ. ಉರಿಯುವ ದ್ರವಗಳು ಹೊಸದಾಗಿ ಕೂಡುತ್ತಿರುವ ಚರ್ಮವನ್ನು ಕೆಡಿಸುತ್ತವೆ. ಎಣ್ಣೆಯ ರುಚಿಗೆ ಪ್ರಾಣಿ ಗಾಯವನ್ನು ಇನ್ನಷ್ಟು ನೆಕ್ಕುತ್ತದೆ. ಗಾಯ ಒಣಗಿರುವುದೇ ಅದಕ್ಕೆ ಔಷಧ. ಆದುದರಿಂದ ಹದಿನಾಲ್ಕು ದಿನ ಸ್ನಾನ ನಿಷಿದ್ಧ. ಜೂನ್‌ನಿಂದ ಸೆಪ್ಟೆಂಬರವರೆಗಿನ ಮುಂಬಯಿಯ ಮಳೆಗಾಲದಲ್ಲಿ ಇದು ಸುಲಭವಲ್ಲ. ತೇವವಾದ ಹಾಸನ್ನು ಕೂಡಲೆ ಬದಲಿಸಿರಿ. ನಾಯಿಯನ್ನು ಮಳೆ ನಿಂತಾಗ ಮಾತ್ರ ಹೊರಗೆ ಕರೆದೊಯ್ದು, ನಿಂತ ನೀರನ್ನು ತಪ್ಪಿಸಿ, ಮರಳಿದೊಡನೆ ಕಾಲುಗಳನ್ನು ಒಣಬಟ್ಟೆಯಿಂದ ಒರೆಸಿರಿ. ಉಳಿದ ಆಹಾರವನ್ನು ಹಾಸಿಗೆಯ ಬಳಿ ಬಿಟ್ಟರೆ ಇರುವೆ ಮುತ್ತುತ್ತದೆ; ತಟ್ಟೆಯನ್ನು ಆಗಿಂದಾಗ ತೆಗೆಯಿರಿ.

ನಾಯಿಯ ಎಂಜಲು ಗಾಯವನ್ನು ಮಾಯಿಸುತ್ತದೆ ಎಂಬುದು ಹಳೆಯ ನಂಬಿಕೆ. ಒರಟು ನಾಲಗೆಯಿಂದ ಹತ್ತು ನಿಮಿಷ ನೆಕ್ಕಿದರೆ ಹೊಲಿಗೆ ಸಡಿಲವಾಗುತ್ತದೆ. ಬಾಯಿಯ ಕ್ರಿಮಿಗಳು ಗಾಯದೊಳಗೆ ಸೇರುತ್ತವೆ. ಇದನ್ನು ತಡೆಯಲೆಂದೇ ಕೊರಳಿಗೆ ಲಾಳಿಕೆಯಾಕಾರದ ಪ್ಲಾಸ್ಟಿಕ್ ಪಟ್ಟಿಯನ್ನು ಕಟ್ಟುತ್ತಾರೆ. ಅಂಗಡಿಗಳಲ್ಲಿ ಇದಕ್ಕೆ ಕೋನ್ ಎನ್ನುತ್ತಾರೆ. ಪ್ರಾಣಿಯ ಮುಖವನ್ನು ನೋಡಿ ಮರುಕಗೊಂಡು, ರಾತ್ರಿಯಾದರೂ ಸುಖವಾಗಿ ಮಲಗಲೆಂದು ಇದನ್ನು ಬಿಚ್ಚುವವರು ಬಹಳ. ಎಲ್ಲರೂ ನಿದ್ರಿಸುವ ರಾತ್ರಿಯಲ್ಲಿಯೇ ಅದರ ಅವಶ್ಯಕತೆ ಹೆಚ್ಚು. ಊಟದ ಹೊತ್ತಿನಲ್ಲಿ, ನೀವು ಎದುರಿಗೆ ಕುಳಿತಿರುವಾಗ, ಬೇಕಾದರೆ ತೆಗೆಯಬಹುದು. ಕೋನನ್ನು ಸಹಿಸದ ಬೆಕ್ಕಿಗೆ ಹೊಟ್ಟೆ ಮುಚ್ಚುವ ಹತ್ತಿಬಟ್ಟೆಯ ಅಂಗಿಯನ್ನು ವೈದ್ಯರನ್ನು ಕೇಳಿ ತೊಡಿಸಬಹುದು. ಅದು ಒದ್ದೆಯಾಗದಂತೆ ನೋಡಿಕೊಳ್ಳಬೇಕು.

ಹೊರಗಿನ ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯುತ್ತಾರೆ. ಕರಗುವ ದಾರವಾಗಿದ್ದರೆ ತೆಗೆಯಬೇಕಿಲ್ಲ. ಗಂಡು ಬೆಕ್ಕಿಗೆ ಹೊಲಿಗೆಯೇ ಇಲ್ಲದಿರುವುದು ಹೆಚ್ಚು. ಯಾವ ಬಗೆಯದೆಂದು ಬಿಡುಗಡೆಯ ದಿನವೇ ಕೇಳಿ ತಿಳಿದುಕೊಳ್ಳಿರಿ.

ನಾಲ್ಕನೆಯ ದಿನದ ಅಪಾಯ

ಮೊದಲ ಎರಡು ದಿನ ಪ್ರಾಣಿ ತಾನಾಗಿಯೇ ಮಲಗಿರುತ್ತದೆ. ಮೂರನೆಯ ಅಥವಾ ನಾಲ್ಕನೆಯ ದಿನ ನೋವು ಕಡಿಮೆಯಾಗಿ ಲವಲವಿಕೆ ಬರುತ್ತದೆ. ಮನೆಯವರೂ ಎಲ್ಲ ಸರಿಹೋಯಿತೆಂದು ಸಡಿಲಗೊಳ್ಳುತ್ತಾರೆ. ಎಚ್ಚರ ಹೆಚ್ಚು ಬೇಕಾದುದು ಆಗಲೇ. ಹೊರಗಿನ ಚರ್ಮ ಕೂಡಿದಂತೆ ಕಂಡರೂ ಒಳಗಿನ ಸ್ನಾಯುಪದರ ಇನ್ನೂ ದಾರದ ಬಲದಿಂದಲೇ ನಿಂತಿರುತ್ತದೆ. ಮಂಚದಿಂದ ಒಂದು ಹಾರಿಕೆ, ಮೆಟ್ಟಲಿನ ಮೇಲೆ ಒಂದು ಓಟ, ಇನ್ನೊಂದು ನಾಯಿಯೊಡನೆ ಒಂದು ಗುದ್ದಾಟ ಇವುಗಳಿಂದ ಆ ಪದರ ಹರಿದು ಕರುಳು ಹೊರಬರುವ ಸಂಭವವುಂಟು. ಎರಡು ವಾರಗಳವರೆಗೆ ನಾಯಿಯನ್ನು ಮಲಮೂತ್ರಕ್ಕೆ ಮಾತ್ರ, ಗಿಡ್ಡ ಪಟ್ಟಿಯಲ್ಲಿ ಹಿಡಿದು, ನಿಧಾನವಾಗಿ ನಡೆಸಬೇಕು. ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿ ಚಿಕ್ಕ ನಾಯಿಯನ್ನು ಎತ್ತಿಕೊಂಡೇ ಇಳಿಸುವುದು ಕ್ಷೇಮ. ದೊಡ್ಡದನ್ನು ಒಂದೊಂದೇ ಮೆಟ್ಟಲಾಗಿ ಇಳಿಸಬೇಕು. ಬೆಕ್ಕು ಹತ್ತಲು ಬಳಸುವ ಕುರ್ಚಿ, ಮೇಜುಗಳನ್ನು ಕಪಾಟಿನ ಬಳಿಯಿಂದ ದೂರ ಸರಿಸಿರಿ.

ಮನುಷ್ಯರ ಮಾತ್ರೆ ವಿಷವಾದೀತು

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿರಿ: ಪ್ರಾಣಿ ನರಳುತ್ತಿದೆಯೆಂದು ಮನೆಯ ಡಬ್ಬಿಯಲ್ಲಿರುವ ನೋವಿನ ಅಥವಾ ಜ್ವರದ ಮಾತ್ರೆಯನ್ನು ಎಂದಿಗೂ ಕೊಡಬೇಡಿರಿ. ಕ್ರೋಸಿನ್ ಮುಂತಾದ ಹೆಸರುಗಳಲ್ಲಿ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ನಿರುಪದ್ರವಿಯಾಗಿ ಮಾರ್ಪಡಿಸುವ ಶಕ್ತಿ ಬೆಕ್ಕಿನ ಪಿತ್ತಕೋಶದ ನೆರೆಯ ಯಕೃತ್ತಿಗೆ ಸಾಲದು. ರಕ್ತವು ಪ್ರಾಣವಾಯುವನ್ನು ಒಯ್ಯಲಾರದಂತಾಗಿ ಒಸಡು ಕಂದಾಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲುದು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳು ನಾಯಿ ಬೆಕ್ಕು ಎರಡರಲ್ಲಿಯೂ ಜಠರದಲ್ಲಿ ರಕ್ತಸ್ರಾವ, ಮೂತ್ರಪಿಂಡದ ವೈಫಲ್ಯಗಳನ್ನು ಉಂಟುಮಾಡುತ್ತವೆ. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಕಳೇಬರದ ಮೂಲಕ ರಣಹದ್ದುಗಳ ಸಂತತಿಯನ್ನೇ ನಾಶಮಾಡಿದ್ದರಿಂದ 2006ರಲ್ಲಿ ಭಾರತ ಸರ್ಕಾರವು ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಒಂದು ಜೀವಿಗೆ ಔಷಧವಾದುದು ಇನ್ನೊಂದಕ್ಕೆ ವಿಷವಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಪ್ರಾಣಿಗೆ ನೋವಿದೆಯೆಂದು ತೋರಿದರೆ, ಅಂದರೆ ಬೆನ್ನು ಬಾಗಿಸಿ ಕುಳಿತರೆ, ಮಂಚದ ಕೆಳಗೆ ಅಡಗಿ ಹೊರಬರದಿದ್ದರೆ, ಮುಟ್ಟಿದರೆ ಗುರುಗುಟ್ಟಿದರೆ ವೈದ್ಯರಿಗೆ ತಿಳಿಸಿ ಪ್ರಾಣಿಗಳಿಗೆಂದೇ ಇರುವ ಔಷಧವನ್ನು ಪಡೆಯಬೇಕು. ಅವರು ಕೊಟ್ಟ ಔಷಧವನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡತಕ್ಕದ್ದು. ಮನೆಯಲ್ಲಿ ಸರದಿಯ ಮೇಲೆ ನೋಡಿಕೊಳ್ಳುವವರಿದ್ದರೆ ಒಂದೇ ಔಷಧವನ್ನು ಇಬ್ಬರು ಕೊಡುವ ಅಪಾಯವಿದೆ. ಒಂದು ಹಾಳೆಯಲ್ಲಿ ಗೆರೆ ಎಳೆದು, ದಿನಕ್ಕೊಂದು ಸಾಲಿನಂತೆ, ಆಹಾರ, ನೀರು, ಮೂತ್ರ, ಮಲ, ಔಷಧ ಕೊಟ್ಟ ವೇಳೆ, ಗಾಯದ ಸ್ಥಿತಿ ಇವನ್ನು ಬರೆದು ಗೋಡೆಗೆ ಅಂಟಿಸಿದರೆ ಗೊಂದಲವಿರದು. ವೈದ್ಯರು ಪ್ರಶ್ನಿಸಿದಾಗಲೂ ಉತ್ತರ ಸಿದ್ಧವಾಗಿರುತ್ತದೆ.

ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕಾದ ಚಿಹ್ನೆಗಳು

ಒಸಡು ಬಿಳಿಚಿಕೊಂಡು ಪ್ರಾಣಿ ಏಳಲಾರದೆ ಮಲಗಿದರೆ ಅಥವಾ ಹೊಟ್ಟೆ ಉಬ್ಬುತ್ತ ಬಂದರೆ ಒಳಗೆ ರಕ್ತ ಸೋರುತ್ತಿರಬಹುದು, ಬೆಳಗಾಗಲೆಂದು ಕಾಯಕೂಡದು. ಗಾಯದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಬಂದರೆ, ಅಂಚುಗಳು ಬಿಟ್ಟುಕೊಂಡರೆ, ಒಳಗಿನಿಂದ ಏನಾದರೂ ಹೊರಬಂದಂತೆ ಕಂಡರೆ ತೊಳೆದ ಶುದ್ಧ ಬಟ್ಟೆಯಿಂದ ಮುಚ್ಚಿ ಕೂಡಲೆ ಒಯ್ಯಬೇಕು. ಒಳಕ್ಕೆ ತಳ್ಳಲು ಪ್ರಯತ್ನಿಸಬಾರದು. ಪದೇ ಪದೇ ವಾಂತಿ, ಉಸಿರಾಟದ ಕಷ್ಟ, 24 ಗಂಟೆ ಕಳೆದರೂ ಆಹಾರ ಮುಟ್ಟದಿರುವುದು ಅಥವಾ ಮೂತ್ರ ಮಾಡದಿರುವುದು ಇವೂ ಅಪಾಯದ ಸೂಚನೆಗಳೇ. ನಾಯಿ ಬೆಕ್ಕುಗಳ ಸಹಜ ಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮುಟ್ಟಿದಾಗ ನಮಗಿಂತ ಬಿಸಿಯೆನಿಸುವುದು ಜ್ವರವಲ್ಲ. 103ನ್ನು ಮೀರಿದರೆ ವೈದ್ಯರಿಗೆ ತಿಳಿಸಬೇಕು. ರಾತ್ರಿವೇಳೆಯಲ್ಲಿ ತೆರೆದಿರುವ ಚಿಕಿತ್ಸಾಲಯದ ದೂರವಾಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿರಿ.

ಕಟ್ಟಡದ ಆವರಣದ ನಾಯಿಗಳು

ಮನೆಯಲ್ಲಿ ಪ್ರಾಣಿ ಸಾಕದವರಿಗೂ ಈ ವಿಷಯ ಹೊರತಲ್ಲ. ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಪದ್ಧತಿ 1990ರ ದಶಕದಲ್ಲಿ ನಿಂತು ಸಂತಾನಹರಣದ ಕ್ರಮ ಬಂದಿತು. ಕೇಂದ್ರ ಸರ್ಕಾರದ ನಿಯಮಗಳು 2001ರಲ್ಲಿಯೂ, ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು 2023ರಲ್ಲಿಯೂ ಜಾರಿಗೆ ಬಂದುವು. ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗಾಗಿ ಕಿವಿಯ ಅಂಚನ್ನು ಸ್ವಲ್ಪ ಕತ್ತರಿಸಿ, ಹಿಡಿದ ಸ್ಥಳದಲ್ಲಿಯೇ ಬಿಡುವುದು ಈ ನಿಯಮಗಳ ತತ್ತ್ವ. ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳಂತಹ ಆವರಣಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರಿನಲ್ಲಿ ಪ್ರತ್ಯೇಕ ಆದೇಶ ನೀಡಿದೆ.

ಕಿವಿಗುರುತಿನೊಡನೆ ಮರಳಿದ ನಾಯಿಯನ್ನು ಕಂಡರೆ ಕಲ್ಲೆಸೆದು ಓಡಿಸಬೇಡಿರಿ. ಓಡಿದರೆ ಅದರ ಗಾಯವೂ ಬಿಚ್ಚುತ್ತದೆ. ಮಳೆ ಬೀಳದ ಮೆಟ್ಟಲಿನ ಕೆಳಗಣ ಜಾಗವನ್ನೂ ಒಂದು ಬಟ್ಟಲು ಶುದ್ಧ ನೀರನ್ನೂ ಕೊಟ್ಟು, ದೂರದಿಂದ ಗಾಯವನ್ನು ಗಮನಿಸುತ್ತಿದ್ದು, ಕೆಟ್ಟಂತೆ ಕಂಡರೆ ಹಿಡಿದೊಯ್ದ ಸಂಸ್ಥೆಗೆ ತಿಳಿಸುವುದು ಸೊಸೈಟಿಯ ಎಲ್ಲರ ಕರ್ತವ್ಯ.

ಎರಡು ವಾರಗಳ ನಂತರ

ಗಂಡು ಪ್ರಾಣಿಯಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಬೀಜಾಣುಗಳು ಉಳಿದಿರಬಹುದು. ಸುಮಾರು ಒಂದು ತಿಂಗಳು ಬೆದೆಯ ಹೆಣ್ಣಿನಿಂದ ದೂರವಿಡಬೇಕು. ಶಸ್ತ್ರಚಿಕಿತ್ಸೆಯಾದ ಪ್ರಾಣಿಯ ದೇಹಕ್ಕೆ ಮೊದಲಿನಷ್ಟು ಆಹಾರ ಬೇಕಾಗುವುದಿಲ್ಲ, ಆದರೆ ಹಸಿವು ಹೆಚ್ಚಬಹುದು. ಬೇಡಿದಾಗಲೆಲ್ಲ ಪಾರ್ಲೆ ಬಿಸ್ಕತ್ತು ಹಾಕುತ್ತಿದ್ದರೆ ಒಂದೇ ವರ್ಷದಲ್ಲಿ ಬೊಜ್ಜು ಬರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ದೂರಿ ಫಲವಿಲ್ಲ. ತೂಕ ನೋಡುತ್ತ ಆಹಾರವನ್ನು ಇಳಿಸಿ, ಗಾಯ ಮಾಯ್ದ ಮೇಲೆ ವ್ಯಾಯಾಮವನ್ನು ಹೆಚ್ಚಿಸಬೇಕು. ಮನೆ ಕಾಯುವ ಗುಣ, ಮನೆಯವರ ಮೇಲಿನ ಪ್ರೀತಿ ಇವು ಎಂದಿನಂತೆಯೇ ಇರುತ್ತವೆ. ರೇಬೀಸ್ ಲಸಿಕೆಯನ್ನು ಮಾತ್ರ ಪ್ರತ್ಯೇಕವಾಗಿ, ಕಾಲಕಾಲಕ್ಕೆ ಹಾಕಿಸುತ್ತಿರಬೇಕು.

ಮೂಕಪ್ರಾಣಿ ತನ್ನ ನೋವನ್ನು ಹೇಳಲಾರದು. ತನಗೆ ಶಸ್ತ್ರಚಿಕಿತ್ಸೆ ಬೇಕೆಂದೂ ಅದು ಕೇಳಿದ್ದಲ್ಲ. ನಮ್ಮ ಅನುಕೂಲಕ್ಕಾಗಿಯೂ ಅದರ ಕ್ಷೇಮಕ್ಕಾಗಿಯೂ ನಾವೇ ಮಾಡಿಸಿದ ಮೇಲೆ ಆ ಹದಿನಾಲ್ಕು ದಿನಗಳ ಹೊಣೆಯೂ ನಮ್ಮದೇ. ಈ ಆರೈಕೆಗೆ ಹೆಚ್ಚಿನ ಹಣ ಬೇಕಿಲ್ಲ, ವಿಶೇಷ ವಿದ್ಯೆ ಬೇಕಿಲ್ಲ. ಹಚ್ಚಬಾರದುದನ್ನು ಹಚ್ಚದೆ, ಕೊಡಬಾರದುದನ್ನು ಕೊಡದೆ, ಬಿಚ್ಚಬಾರದುದನ್ನು ಬಿಚ್ಚದೆ, ಕಣ್ಣಿಟ್ಟು ನೋಡುತ್ತಿದ್ದರೆ ಉಳಿದುದನ್ನು ಅದರ ದೇಹವೇ ಮಾಡಿಕೊಳ್ಳುತ್ತದೆ.